ಡಾಕ್ಟರ್ ಬೇಕು, ಸರಿ. ಬ್ಯಾರನ್ ಬಗ್ಗೆ ಯಾಕೆ ಮಾತಿಲ್ಲ?



ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ. ಈ ನಾಲ್ಕು ತಾಲ್ಲೂಕುಗಳಲ್ಲಿ ಬಸವ ಜಯಂತಿ ಇರಲಿ, ಶಿವಾನುಭವ ಗೋಷ್ಠಿ ಇರಲಿ, ಜಾತ್ರೆಯ ಸಭೆ ಇರಲಿ, ಒಂದು ಮನವಿ ಮಾತ್ರ ತಪ್ಪದೆ ವೇದಿಕೆಗೆ ಬರುತ್ತದೆ. "ಬುದ್ಧೀ, ನಮ್ಮ ಆಸ್ಪತ್ರೆಗೆ ಡಾಕ್ಟರ್ ಇಲ್ಲ. ಮಂತ್ರಿಗಳಿಗೆ ತಾವು ಒಂದು ಮಾತು ಹೇಳಬೇಕು. ಆಗದಿದ್ದರೆ ಮಠದಿಂದಲೇ ಒಂದು ಆಸ್ಪತ್ರೆ ಕಟ್ಟಿಸಿಕೊಡಬೇಕು." ಪೂಜ್ಯರು ಆಗಲಿ ಎನ್ನುತ್ತಾರೆ. ಮಂತ್ರಿಗಳು ವೇದಿಕೆಯ ಮೇಲೇ ಇದ್ದರೆ ಅವರೂ ಭರವಸೆ ಕೊಡುತ್ತಾರೆ. ಜನ ಚಪ್ಪಾಳೆ ತಟ್ಟುತ್ತಾರೆ.

ಆರೋಗ್ಯ ಇಲಾಖೆಯಲ್ಲಿ ಆರೋಗ್ಯ ಸಹಾಯಕನಾಗಿ ಇದೇ ತಾಲ್ಲೂಕುಗಳ ಹಳ್ಳಿ ಹಳ್ಳಿ ಸುತ್ತಿ ನಿವೃತ್ತನಾದವನು ನಾನು. ಆ ಬೇಡಿಕೆ ಸುಳ್ಳಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತು. ಆದರೆ ನಮ್ಮ ಆರೋಗ್ಯದ ಮಾತೆಲ್ಲ ಆ ಒಂದು ಬೇಡಿಕೆಯಲ್ಲೇ ಮುಗಿದುಹೋಗುತ್ತಿದೆ. ಆಯುಸ್ಸನ್ನು ತಿನ್ನುವ ಇನ್ನೊಂದು ವಸ್ತು ನಮ್ಮ ಹೊಲದಲ್ಲೇ ಬೆಳೆದು ನಿಂತಿದೆ. ಅದರ ಹೆಸರನ್ನು ಆ ವೇದಿಕೆಯಲ್ಲಿ ಯಾರೂ ಎತ್ತುವುದಿಲ್ಲ.

ಮೊದಲು ಡಾಕ್ಟರ ಲೆಕ್ಕವನ್ನೇ ನೋಡೋಣ. ಡಾಕ್ಟರು ಹೆಚ್ಚಿದ್ದರೆ ಜನ ಹೆಚ್ಚು ಕಾಲ ಬದುಕುತ್ತಾರೆಯೇ? ಒಂದು ಹಂತದವರೆಗೆ ಹೌದು. ಆಫ್ರಿಕಾದ ಚಾಡ್ ದೇಶದಲ್ಲಿ ಹತ್ತು ಸಾವಿರ ಜನರಿಗೆ ಒಬ್ಬ ಡಾಕ್ಟರೂ ಸಿಗುವುದಿಲ್ಲ, ಅಲ್ಲಿನ ಸರಾಸರಿ ಆಯುಸ್ಸು ಐವತ್ತೈದರ ಆಸುಪಾಸಿನಲ್ಲಿದೆ. ನಮ್ಮ ದೇಶದ ಸ್ಥಿತಿಯೂ ಒಂದು ಕಾಲಕ್ಕೆ ಹೀಗೇ ಇತ್ತು. 1946ರಲ್ಲಿ ಭೋರ್ ಸಮಿತಿ ವರದಿ ಕೊಟ್ಟಾಗ ಭಾರತದಲ್ಲಿ 6,300 ಜನರಿಗೆ ಒಬ್ಬ ಡಾಕ್ಟರ್ ಇದ್ದರು, ಸ್ವಾತಂತ್ರ್ಯ ಬಂದ ಹೊತ್ತಿನಲ್ಲಿ ಸರಾಸರಿ ಆಯುಸ್ಸು ಮೂವತ್ತೆರಡರ ಹತ್ತಿರ ಇತ್ತು. ಇವತ್ತು ಆಯುಸ್ಸು 70. ಆಯುಷ್ ವೈದ್ಯರನ್ನೂ ಸೇರಿಸಿಕೊಂಡರೆ 811 ಜನರಿಗೆ ಒಬ್ಬ ವೈದ್ಯರಿದ್ದಾರೆ ಎಂದು ಕೇಂದ್ರ ಸರ್ಕಾರ ಸಂಸತ್ತಿನಲ್ಲಿ ಹೇಳಿದೆ. ಸಾವಿರಕ್ಕೆ ಒಬ್ಬರು ಎಂಬ ಅಳತೆಗೋಲನ್ನು ನಾವು ದಾಟಿದ್ದೇವೆ ಎಂದಾಯಿತು. ಹಾಗಿದ್ದರೆ ಎಚ್.ಡಿ. ಕೋಟೆಯ ಹಾಡಿಗಳ 811 ಜನರ ಡಾಕ್ಟರ್ ಎಲ್ಲಿದ್ದಾರೆ ಎಂದು ಕೇಳಬೇಡಿ. ಅವರು ಬೆಂಗಳೂರಿನಲ್ಲಿದ್ದಾರೆ.

ಆದರೆ ಆ ಮೊದಲ ಹಂತ ದಾಟಿದ ಮೇಲೆ ಲೆಕ್ಕ ಹಳಿ ತಪ್ಪುತ್ತದೆ. ಜಪಾನಿನಲ್ಲಿ ಸಾವಿರ ಜನರಿಗೆ ಎರಡೂವರೆ ಡಾಕ್ಟರು. ಅಮೆರಿಕದಲ್ಲೂ ಹೆಚ್ಚುಕಡಿಮೆ ಅಷ್ಟೇ. ಜಪಾನೀಯರು 84 ವರ್ಷ ಬದುಕುತ್ತಾರೆ, ಅಮೆರಿಕದವರು 78ರ ಆಸುಪಾಸು. ಕ್ಯೂಬಾದಲ್ಲಿ ಸಾವಿರಕ್ಕೆ ಎಂಟು ಡಾಕ್ಟರು, ಜಗತ್ತಿನಲ್ಲೇ ಅತಿ ಹೆಚ್ಚು ಎನ್ನಬಹುದಾದ ಲೆಕ್ಕ. ಅಲ್ಲಿಯೂ ಆಯುಸ್ಸು 78ರ ಹತ್ತಿರವೇ. ನಮ್ಮ ಪಕ್ಕದ ಶ್ರೀಲಂಕಾದಲ್ಲಿ ಸಾವಿರಕ್ಕೆ ಒಬ್ಬರಿಗಿಂತ ತುಸು ಹೆಚ್ಚು ಡಾಕ್ಟರು ಮಾತ್ರ, ಆದರೂ ಅವರ ಸರಾಸರಿ ಆಯುಸ್ಸು ನಮಗಿಂತ ಆರೇಳು ವರ್ಷ ಹೆಚ್ಚು. ಡಾಕ್ಟರ ಸಂಖ್ಯೆಯನ್ನು ಎರಡು, ಮೂರು ಪಟ್ಟು ಮಾಡಿದರೂ ಆಯುಸ್ಸು ಅದೇ ಲೆಕ್ಕದಲ್ಲಿ ಬೆಳೆಯುವುದಿಲ್ಲ.

ನಮ್ಮೂರಿನ ಮಾತಿಗೆ ಬರೋಣ. ಕಾಕನಕೋಟೆ, ಕಾರಾಪುರದ ಕಾಡಂಚು ಒಂದು ಕಾಲಕ್ಕೆ ಚಳಿಜ್ವರದ ಸೀಮೆ. ಅಲ್ಲಿಗೆ ಹೆಣ್ಣು ಕೊಡುವವರು ಎರಡು ಸಲ ಯೋಚನೆ ಮಾಡುತ್ತಿದ್ದರಂತೆ. ಆ ಜ್ವರವನ್ನು ಹಿಮ್ಮೆಟ್ಟಿಸಿದ್ದು ಆಸ್ಪತ್ರೆಯ ಕಟ್ಟಡವಲ್ಲ. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾದ ಮೇಲೆ ಪಂಪು ಹೊತ್ತು ಮನೆಮನೆಗೆ ಹೋಗಿ ಡಿ.ಡಿ.ಟಿ. ಹೊಡೆದವರು, ಗೋಡೆಯ ಮೇಲೆ ತಾರೀಖು ಬರೆದವರು, ಜ್ವರ ಬಂದವರ ಬೆರಳು ಚುಚ್ಚಿ ಗಾಜಿನ ಮೇಲೆ ರಕ್ತ ತೆಗೆದವರು. ನನಗೆ ಕೆಲಸ ಕಲಿಸಿದ ಹಿರಿಯರು ಆ ಪೀಳಿಗೆಯವರು. ಅವರಲ್ಲಿ ಒಬ್ಬರಿಗೂ ವೈದ್ಯ ಪದವಿ ಇರಲಿಲ್ಲ. ಸನ್ಮಾನ ಮಾಡಿ ಶಾಲು ಹೊದಿಸಿದ್ದನ್ನೂ ನಾನು ನೋಡಿಲ್ಲ.

ಇನ್ನು ಕೇರಳ. ಡಿ.ಬಿ. ಕುಪ್ಪೆಯ ಕಡೆಯವರಿಗೆ ಕಾಯಿಲೆಯಾದರೆ ಎಚ್.ಡಿ. ಕೋಟೆಗಿಂತ ಹೊಳೆಯಾಚೆಯ ಮಾನಂದವಾಡಿಯೇ ಹತ್ತಿರ. ಕಾಡಿನ ಈ ಕಡೆ, ಅಂದರೆ ಕರ್ನಾಟಕದಲ್ಲಿ, ಸರಾಸರಿ ಆಯುಸ್ಸು 70ರ ಆಸುಪಾಸು. ಆ ಕಡೆ 75. ಇದು ಇಡೀ ರಾಜ್ಯದ ಸರಾಸರಿ, ವಯನಾಡಿನ ಹಾಡಿಗಳಿಗೆ ಹಾಗೆಯೇ ಅನ್ವಯಿಸದು ಎನ್ನುವುದನ್ನೂ ಸೇರಿಸಿ ಹೇಳಬೇಕು. ಐದು ವರ್ಷದ ಈ ವ್ಯತ್ಯಾಸ ಎಲ್ಲಿಂದ ಬಂತು? 1985ರಲ್ಲಿ ರಾಕ್‌ಫೆಲರ್ ಪ್ರತಿಷ್ಠಾನ ಚೀನಾ, ಶ್ರೀಲಂಕಾ, ಕೋಸ್ಟರಿಕಾ, ಕೇರಳ ಈ ನಾಲ್ಕನ್ನು ಒಟ್ಟಿಗೆ ಇಟ್ಟು, ಬಡತನದಲ್ಲೂ ಇವರು ಹೆಚ್ಚು ಬದುಕುವುದು ಹೇಗೆ ಎಂದು ವಿಚಾರ ಮಾಡಿಸಿತ್ತು. ಕಂಡದ್ದು ಹೆಣ್ಣುಮಕ್ಕಳ ಓದು, ನಡೆದು ಹೋಗುವಷ್ಟು ದೂರದಲ್ಲಿ ಒಬ್ಬ ಸೂಲಗಿತ್ತಿ ದಾದಿ, ಹೊಟ್ಟೆಗೆ ಅನ್ನ, ಮಕ್ಕಳಿಗೆ ಲಸಿಕೆ. ಆಸ್ಟ್ರೇಲಿಯಾದ ಜಾನ್ ಕಾಲ್ಡ್‌ವೆಲ್ ಎಂಬ ವಿದ್ವಾಂಸರು ನಮ್ಮ ಬೆಂಗಳೂರಿನ ಪಿ.ಎಚ್. ರೆಡ್ಡಿಯವರ ಜೊತೆ ದಕ್ಷಿಣ ಕರ್ನಾಟಕದ ಹಳ್ಳಿಗಳಲ್ಲೇ ಉಳಿದು ಅಧ್ಯಯನ ಮಾಡಿದವರು. ತಾಯಿ ಓದಿದ್ದರೆ ಮಗು ಉಳಿಯುತ್ತದೆ ಎಂಬುದು ಅವರು ಜೀವಮಾನವಿಡೀ ಹೇಳುತ್ತಾ ಬಂದ ಮಾತು. ಜ್ವರ ಬಂದ ಮೊದಲ ದಿನವೇ ಮಗುವನ್ನು ಎತ್ತಿಕೊಂಡು ಹೊರಡುವ ತಾಯಿ, ಅತ್ತೆಯ ಅಪ್ಪಣೆಗೆ ಮೂರು ದಿನ ಕಾಯುವ ತಾಯಿ, ಈ ಇಬ್ಬರ ನಡುವಿನ ವ್ಯತ್ಯಾಸವನ್ನು ನಾನು ಪ್ರತಿ ಊರಿನಲ್ಲಿ ಕಂಡಿದ್ದೇನೆ.

ನಮ್ಮ ಎಚ್.ಡಿ. ಕೋಟೆಯಲ್ಲೇ ಇದಕ್ಕೆ ಸಾಕ್ಷಿ ಇದೆ. 1984ರಲ್ಲಿ ಮೈಸೂರಿನಲ್ಲಿ ವೈದ್ಯಕೀಯ ಓದುತ್ತಿದ್ದ ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿದರು. ಓದು ಮುಗಿಸಿ ಬ್ರಹ್ಮಗಿರಿಯ ಹಾಡಿಗಳ ನಡುವೆ ಚಿಕಿತ್ಸೆಗೆ ಕೂತರು. ಕೆಂಚನಹಳ್ಳಿಯಲ್ಲಿ, ಆಮೇಲೆ ಸರಗೂರಿನಲ್ಲಿ ಆಸ್ಪತ್ರೆ ಬಂತು. ಗಮನಿಸಬೇಕಾದದ್ದು ಏನೆಂದರೆ, ಆ ಡಾಕ್ಟರುಗಳು ಆಸ್ಪತ್ರೆಯಲ್ಲೇ ನಿಲ್ಲಲಿಲ್ಲ. ಹೊಸಹಳ್ಳಿಯಲ್ಲಿ ಆದಿವಾಸಿ ಮಕ್ಕಳಿಗೆ ಶಾಲೆ ತೆರೆದರು. ಕಾಡಿನಿಂದ, ಕಬಿನಿ ಹಿನ್ನೀರಿನಿಂದ ಎತ್ತಂಗಡಿಯಾದ ಜೇನುಕುರುಬರಿಗೆ, ಬೆಟ್ಟಕುರುಬರಿಗೆ, ಎರವರಿಗೆ ಮಾತ್ರೆ ಒಂದರಿಂದ ಆಯುಸ್ಸು ಬರುವುದಿಲ್ಲ ಎಂಬುದು ಮಾತ್ರೆ ಕೊಡುವವರಿಗೇ ಗೊತ್ತಾಗಿತ್ತು.

ಹಾಗೆಂದು ಡಾಕ್ಟರ್ ಬೇಡ ಎಂದು ನಾನು ಹೇಳುತ್ತಿಲ್ಲ. ಯಾರೂ ಇಲ್ಲದ ಕಡೆಗೆ ಬರುವ ಮೊದಲ ಡಾಕ್ಟರ ಬೆಲೆ ಎಷ್ಟು ಎಂದು ಹಾವು ಕಚ್ಚಿದವರನ್ನು ಕೇಳಿ, ಹೆರಿಗೆಯಾದ ಮೇಲೆ ರಕ್ತ ನಿಲ್ಲದ ಹೆಂಗಸಿನ ಮನೆಯವರನ್ನು ಕೇಳಿ. ಹಾಡಿಗಳಲ್ಲಿ ಕುಡುಗೋಲು ಕಣದ ರಕ್ತಹೀನತೆ ಇದೆ. ಅದನ್ನು ರಕ್ತಪರೀಕ್ಷೆಯಿಂದಲೇ ಪತ್ತೆ ಮಾಡಬೇಕು, ಜೀವನಪೂರ್ತಿ ನೋಡಿಕೊಳ್ಳಬೇಕು. ಬಯಲು ಸೀಮೆಯಲ್ಲಿ 30 ಸಾವಿರ ಜನರಿಗೆ, ಕಾಡು-ಗುಡ್ಡದ ಕಡೆ 20 ಸಾವಿರ ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬುದು ನಿಯಮ. ವೈದ್ಯ ಪದವಿ ಮುಗಿಸಿದವರು ಒಂದು ವರ್ಷ ಸರ್ಕಾರಿ ಸೇವೆ ಮಾಡಬೇಕೆಂದು ರಾಜ್ಯ 2012ರಲ್ಲಿ ಕಾಯ್ದೆಯನ್ನೂ ಮಾಡಿತು. ಆ ಒಂದು ವರ್ಷಕ್ಕೆ ಬಂದವರಲ್ಲಿ ಬಹಳ ಒಳ್ಳೆಯವರನ್ನು ಕಂಡಿದ್ದೇನೆ. ಜನರ ಮುಖ ಪರಿಚಯ ಆಗುವ ಹೊತ್ತಿಗೆ ಅವರು ಸ್ನಾತಕೋತ್ತರ ಪರೀಕ್ಷೆಗೆ ಹೊರಟಿರುತ್ತಿದ್ದರು. ಕೇಂದ್ರವನ್ನು ನಿಜವಾಗಿ ನಡೆಸುತ್ತಿದ್ದವರು ಅಲ್ಲಿಯೇ ಉಳಿಯುವ ನರ್ಸಮ್ಮ ಮತ್ತು 2005ರ ಗ್ರಾಮೀಣ ಆರೋಗ್ಯ ಅಭಿಯಾನದ ಮೂಲಕ ಬಂದ ಆಶಾ ಕಾರ್ಯಕರ್ತೆಯರು. ಅವರ ಗೌರವಧನದ ಬಗ್ಗೆ ಮನವಿ ಓದಿದ ಮಠದ ಸಭೆಯನ್ನು ನಾನಿನ್ನೂ ನೋಡಬೇಕು.

ಇನ್ನು ಈ ಬರಹದ ಮುಖ್ಯ ಮಾತು. ಡಾಕ್ಟರು ತುಂಬಿ ತುಳುಕುತ್ತಿದ್ದರೂ ಆಯುಸ್ಸು ಕುಸಿಯಬಲ್ಲದು.

ರಷ್ಯಾವನ್ನು ನೋಡಿ. ಸೋವಿಯತ್ ಕಾಲದಲ್ಲಿ ಜನಸಂಖ್ಯೆಗೆ ಹೋಲಿಸಿದರೆ ಜಗತ್ತಿನಲ್ಲೇ ಹೆಚ್ಚು ಡಾಕ್ಟರು ಇದ್ದ ದೇಶಗಳಲ್ಲಿ ಅದೊಂದು. ಆದರೂ 1984ರಲ್ಲಿ ಅಲ್ಲಿನ ಗಂಡಸರ ಸರಾಸರಿ ಆಯುಸ್ಸು 62ರ ಹತ್ತಿರ ಇತ್ತು. 1985ರಲ್ಲಿ ಗೋರ್ಬಚೇವ್ ಮದ್ಯದ ಮೇಲೆ ಬಿಗಿ ಹಿಡಿತ ತಂದರು. 1987ರ ಹೊತ್ತಿಗೆ ಆಯುಸ್ಸು 65ರ ಹತ್ತಿರ ಬಂತು. ಎರಡು ಮೂರು ವರ್ಷದಲ್ಲಿ ಮೂರು ವರ್ಷದ ಆಯುಸ್ಸು! ಹಿಡಿತ ಸಡಿಲವಾಯಿತು, ದೇಶವೂ ಒಡೆಯಿತು, 1994ಕ್ಕೆ ಗಂಡಸರ ಆಯುಸ್ಸು 58ಕ್ಕಿಂತ ಕೆಳಗಿಳಿಯಿತು. ಈ ಏರಿಳಿತದ ಉದ್ದಕ್ಕೂ ಡಾಕ್ಟರುಗಳು ಇದ್ದಷ್ಟೇ ಇದ್ದರು.

ಇದಕ್ಕಿಂತ ದೊಡ್ಡ ಸಾಕ್ಷಿ ಬ್ರಿಟನ್ನಿನದು. 1951ರಲ್ಲಿ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫೋರ್ಡ್ ಹಿಲ್ ಎಂಬ ಇಬ್ಬರು ತಮ್ಮ ದೇಶದ ಡಾಕ್ಟರುಗಳಿಗೇ ಕಾಗದ ಬರೆದು, ನೀವು ಸಿಗರೇಟು ಸೇದುತ್ತೀರಾ, ಎಷ್ಟು ಎಂದು ಕೇಳಿದರು. ಮೂವತ್ತನಾಲ್ಕು ಸಾವಿರಕ್ಕೂ ಹೆಚ್ಚು ಗಂಡಸರ ಉತ್ತರ ಬಂತು. ಅವರಲ್ಲಿ ಯಾರು ಯಾವಾಗ ಯಾವ ಕಾಯಿಲೆಯಿಂದ ಸತ್ತರು ಎಂದು ಐವತ್ತು ವರ್ಷ ಲೆಕ್ಕ ಇಟ್ಟರು. 2004ರಲ್ಲಿ ಬಂದ ಕೊನೆಯ ಫಲಿತಾಂಶ: ಸೇದುತ್ತಲೇ ಉಳಿದವರು, ಸೇದದವರಿಗಿಂತ ಸರಾಸರಿ ಹತ್ತು ವರ್ಷ ಮುಂಚೆ ಸತ್ತರು. ಯೋಚಿಸಿ, ಅವರೆಲ್ಲ ಡಾಕ್ಟರುಗಳು. ಡಾಕ್ಟರು ಸಿಗಲಿಲ್ಲ ಎಂಬ ಕೊರತೆ ಅವರಿಗೆ ಇರಲು ಸಾಧ್ಯವೇ ಇಲ್ಲ, ಅವರ ಮನೆಯಲ್ಲೇ ಡಾಕ್ಟರ್ ಇದ್ದರು, ಅವರ ಗೆಳೆಯರೆಲ್ಲ ಡಾಕ್ಟರುಗಳು. ಆದರೂ ಹತ್ತು ವರ್ಷ ಹೋಯಿತು. ಅದೇ ಲೆಕ್ಕದ ಇನ್ನೊಂದು ಮುಖವೂ ಇದೆ: ಅರವತ್ತನೇ ವಯಸ್ಸಿನಲ್ಲಿ ಬಿಟ್ಟವರಿಗೆ ಮೂರು ವರ್ಷ ವಾಪಸ್ಸು ಸಿಕ್ಕಿತು, ಐವತ್ತರಲ್ಲಿ ಬಿಟ್ಟವರಿಗೆ ಆರು, ನಲವತ್ತರಲ್ಲಿ ಬಿಟ್ಟವರಿಗೆ ಒಂಬತ್ತು. ಯಾವ ಆಸ್ಪತ್ರೆಯ ಯಾವ ವಾರ್ಡು ಅರವತ್ತು ವರ್ಷದ ಮನುಷ್ಯನಿಗೆ ಮೂರು ವರ್ಷ ಕೊಡಬಲ್ಲದು?

ನಮ್ಮ ದೇಶದ ಲೆಕ್ಕವನ್ನು ಪ್ರಭಾತ್ ಝಾ ಮತ್ತು ಸಂಗಡಿಗರು 2008ರಲ್ಲಿ ಕೊಟ್ಟರು. ಧೂಮಪಾನದಿಂದ ಭಾರತದ ಗಂಡಸರು ಸುಮಾರು ಆರು ವರ್ಷ, ಹೆಂಗಸರು ಎಂಟು ವರ್ಷ ಕಳೆದುಕೊಳ್ಳುತ್ತಾರೆ. ಜಗಿಯುವವರ ಲೆಕ್ಕ ಬೇರೆ. ನಮ್ಮ ಕಡೆ ಎಲೆಅಡಿಕೆ ಚೀಲದಲ್ಲಿ ಕಡ್ಡಿಪುಡಿ ಇಲ್ಲದ ಅಜ್ಜಿ ಅಪರೂಪ. ಬಾಯಿಯ ಹುಣ್ಣು ಮಾಗದೆ ಉಳಿದು ಕೊನೆಗೆ ಮೈಸೂರಿಗೆ ಕರೆದುಕೊಂಡು ಹೋಗುವ ಹೊತ್ತಿಗೆ ತಡವಾಗಿರುತ್ತದೆ. 2016–17ರ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ನೂರಕ್ಕೆ 23 ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಾರೆ. ದೇಶದಲ್ಲಿ ವರ್ಷಕ್ಕೆ 13 ಲಕ್ಷಕ್ಕೂ ಹೆಚ್ಚು ಸಾವು ತಂಬಾಕಿನಿಂದ.

ಈಗ ನಮ್ಮ ನಾಲ್ಕು ತಾಲ್ಲೂಕುಗಳ ನಕ್ಷೆ ಹಾಕಿ ನೋಡಿ. ಕರ್ನಾಟಕದಲ್ಲಿ ಸಿಗರೇಟಿಗೆ ಹೋಗುವ ವರ್ಜೀನಿಯಾ ತಂಬಾಕಿನ ನಕ್ಷೆಯೂ ಮುಖ್ಯವಾಗಿ ಇದೇ. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರ, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಹರಾಜು ಮಾರುಕಟ್ಟೆಗಳು ಗೊತ್ತಿಲ್ಲದವರು ಇಲ್ಲಿ ಯಾರೂ ಇಲ್ಲ. ಹುಣಸೂರಿನಲ್ಲಿ ತಂಬಾಕು ಸಂಶೋಧನಾ ಕೇಂದ್ರವಿದೆ. ಒಳ್ಳೆ ವರ್ಷದಲ್ಲಿ ಹತ್ತು ಕೋಟಿ ಕಿಲೋಗೆ ಹತ್ತಿರ ಹತ್ತಿರ ಸೊಪ್ಪು ರಾಜ್ಯದ ಈ ಸೀಮೆಯಿಂದ ಹೊರಡುತ್ತದೆ. ಅದರಲ್ಲಿ ದೊಡ್ಡ ಪಾಲು ವಿದೇಶಕ್ಕೆ. ಇಲ್ಲಿನ ಮಠದ ಭಕ್ತರಲ್ಲಿ ತಂಬಾಕಿನ ಲೈಸೆನ್ಸ್ ಇಲ್ಲದ ದೊಡ್ಡ ಮನೆತನ ಹುಡುಕಿದರೆ ಸಿಕ್ಕೀತು. ನನ್ನ ಅಣ್ಣನ ಹೆಸರಿನಲ್ಲೇ ಇವತ್ತಿಗೂ ಬ್ಯಾರನ್ ಇದೆ.

ಸೇದುವವರ ಮಾತು ಹಾಗಿರಲಿ, ಬೆಳೆಯುವವರ ಮೈಗೆ ಏನಾಗುತ್ತದೆ? ಆಷಾಢ ಶ್ರಾವಣದ ಮಳೆಯಲ್ಲಿ ಒದ್ದೆ ಸೊಪ್ಪು ಮುರಿದು ಕಂಕುಳಲ್ಲಿ ಅವುಚಿಕೊಂಡು ಬರುವ ಹೆಂಗಸರಿಗೆ ತಲೆಸುತ್ತು, ವಾಂತಿ, ತಲೆನೋವು. ಒದ್ದೆ ಎಲೆಯ ನಿಕೋಟಿನ್ ಚರ್ಮದಿಂದಲೇ ಒಳಗೆ ಹೋಗುತ್ತದೆ. ಇದನ್ನು ಹಸಿರು ತಂಬಾಕು ಕಾಯಿಲೆ ಎನ್ನುತ್ತಾರೆ. "ಪಿತ್ತ ಕಣಣ್ಣ, ನಿಂಬೆಹಣ್ಣು ಕುಡಿದ್ರೆ ಸರಿಹೋಯ್ತದೆ" ಎನ್ನುವುದು ಎಲ್ಲ ಊರಿನಲ್ಲೂ ಕೇಳಿದ ಮಾತು. ಕೈಗವಸು ಹಾಕಿಕೊಂಡು ಸೊಪ್ಪು ಮುರಿಯುವವರನ್ನು ನಾನು ಕಂಡದ್ದು ಕಡಿಮೆ. ಕಡ್ಡಿಗೆ ಸೊಪ್ಪು ಕಟ್ಟುವ ದಿನಗಳಲ್ಲಿ ಶಾಲೆಯ ಹಾಜರಿ ಇಳಿಯುತ್ತದೆ. ಇಳಿಯುವುದು ಹೆಚ್ಚಾಗಿ ಹೆಣ್ಣುಮಕ್ಕಳದ್ದು. ತಾಯಿಯ ಓದಿಗೂ ಮಗುವಿನ ಆಯುಸ್ಸಿಗೂ ಇರುವ ಸಂಬಂಧ ಮೇಲೆ ಹೇಳಿದೆ, ಆ ಓದನ್ನು ಕೀಳುವುದೂ ಈ ಕಡ್ಡಿಯೇ. ಆಮೇಲೆ ಬ್ಯಾರನ್ನಿನ ಒಲೆ. ಹಗಲು ರಾತ್ರಿ ಐದಾರು ದಿನ ಬೆಂಕಿ ಆರಬಾರದು. ಒಂದು ಕಿಲೋ ಹದವಾದ ಸೊಪ್ಪಿಗೆ ನಾಲ್ಕೈದು ಕಿಲೋ ಕಟ್ಟಿಗೆ ಬೇಕು. ಸುತ್ತಲಿನ ಮರ ಹೋದದ್ದು ಎಲ್ಲಿಗೆ ಎಂದು ಬೇರೆ ಹೇಳಬೇಕಾಗಿಲ್ಲ.

ಇಷ್ಟೆಲ್ಲ ಹೇಳಿದಾಗ ಅಣ್ಣ ಕೊಟ್ಟ ಉತ್ತರವನ್ನು ಅವನ ಮಾತಿನಲ್ಲೇ ಇಡುತ್ತೇನೆ. "ನೋಡಪ್ಪ, ನೀನು ತಿಂಗಳ ಸಂಬಳದಲ್ಲಿ ಬದುಕ್ದೋನು. ಶುಂಠಿ ಹಾಕ್ದೋರ್ನ ನೋಡಿದ್ದೀಯ? ಒಂದ್ ವರ್ಷ ಕಾರು, ಇನ್ನೊಂದ್ ವರ್ಷ ಕೊಳೆರೋಗ. ಟೊಮೆಟೊನ ರಸ್ತೇಲಿ ಸುರಿಯೋದ್ನ ನೋಡಿದ್ದೀಯ? ಹೊಗೆಸೊಪ್ಪಿಗೆ ಹರಾಜೈತೆ. ಹರಾಜಾದ ಮೇಲೆ ದುಡ್ಡು ಬ್ಯಾಂಕಿಗೇ ಬೀಳ್ತದೆ. ಲೈಸೆನ್ಸ್ ತೋರ್ಸಿದ್ರೆ ಸಾಲ ಕೊಡ್ತಾರೆ. ಬೇರೆ ಯಾವ ಬೆಳೆಗೆ ಹಿಂಗೈತೆ, ಹೇಳು."

ಈ ಪ್ರಶ್ನೆಗೆ ಉತ್ತರ ಇಲ್ಲದೆ ತಂಬಾಕಿನ ವಿರುದ್ಧ ಪ್ರವಚನ ಮಾಡುವವರ ಬಗ್ಗೆ ನನಗೆ ಗೌರವ ಇಲ್ಲ. ನೀರಾವರಿ ಇಲ್ಲದ ಕೆಂಪು ಮಣ್ಣಿನ ಹೊಲದಲ್ಲಿ, ಖಚಿತವಾದ ಮಾರುಕಟ್ಟೆ ಇರುವ ಒಂದೇ ಬೆಳೆಯನ್ನು ಸರ್ಕಾರವೇ ಕೈಹಿಡಿದು ಬೆಳೆಸಿದೆ. 1975ರ ಕಾಯ್ದೆಯಿಂದ ತಂಬಾಕು ಮಂಡಳಿ ಬಂತು, 1984ರಲ್ಲಿ ಕರ್ನಾಟಕದಲ್ಲಿ ಹರಾಜು ಬಂತು. ಆ ಮಂಡಳಿ ಇರುವುದು ವಾಣಿಜ್ಯ ಸಚಿವಾಲಯದ ಕೆಳಗೆ. ತಂಬಾಕು ನಿಯಂತ್ರಣ ಕಾರ್ಯಕ್ರಮ ಇರುವುದು ಆರೋಗ್ಯ ಸಚಿವಾಲಯದ ಕೆಳಗೆ. ಸಿಗರೇಟು ಪ್ಯಾಕಿನ ಮೇಲೆ ನೂರಕ್ಕೆ 85 ಭಾಗ ಎಚ್ಚರಿಕೆಯ ಚಿತ್ರ ಇರಬೇಕು; ಕಟ್ಟೆಮಳಲವಾಡಿಯಲ್ಲಿ ಹರಾಜಾಗುವ ಬೇಲಿನ ಮೇಲೆ ಗ್ರೇಡು ಮತ್ತು ತೂಕ ಮಾತ್ರ. 2004ರಲ್ಲಿ ಭಾರತ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದವನ್ನು ಅನುಮೋದಿಸಿತು. ಬೆಳೆಗಾರರಿಗೆ ಬೇರೆ ಜೀವನೋಪಾಯ ಒದಗಿಸಲು ಸಹಾಯ ಮಾಡಬೇಕೆಂದು ಅದರ 17ನೇ ವಿಧಿ ಹೇಳುತ್ತದೆ. 2015–16ರಿಂದ ಬೆಳೆ ಬದಲಾವಣೆಯ ಕೇಂದ್ರ ಯೋಜನೆಯನ್ನು ತಂಬಾಕು ರಾಜ್ಯಗಳಿಗೂ ತಂದರು. ಬೀಜ ಕೊಟ್ಟರು, ತರಬೇತಿ ಕೊಟ್ಟರು. ಅಣ್ಣ ಕೇಳಿದ ಹರಾಜನ್ನು ಮಾತ್ರ ಕೊಡಲಿಲ್ಲ.

ಇಲ್ಲಿ ಮಠಗಳ ಮಾತು ಬರುತ್ತದೆ. ನಮ್ಮ ಮಠಗಳು, ನಮ್ಮ ಸಮಾಜದ ಸಂಸ್ಥೆಗಳು ವೈದ್ಯರನ್ನು ತಯಾರಿಸುವ ಕೆಲಸದಲ್ಲಿ ಹಿಂದೆ ಬಿದ್ದಿಲ್ಲ. ಬೆಳಗಾವಿಯಲ್ಲಿ 1963ರಲ್ಲಿ, ಮೈಸೂರಿನಲ್ಲಿ 1984ರಲ್ಲಿ ಕಾಲೇಜುಗಳು ಬಂದವು, ಇತ್ತೀಚೆಗೆ ತುಮಕೂರಿನಲ್ಲೂ ಬಂತು. ದೇಶದಲ್ಲಿ ಹೆಚ್ಚು ವೈದ್ಯಕೀಯ ಕಾಲೇಜುಗಳಿರುವ ರಾಜ್ಯಗಳಲ್ಲಿ ಕರ್ನಾಟಕ ಒಂದು ಎಂದರೆ ಅದರಲ್ಲಿ ಮಠಗಳ ಪಾಲು ದೊಡ್ಡದು. ಅದಕ್ಕಾಗಿ ನಾವು ಹೆಮ್ಮೆ ಪಡಬೇಕು, ಪಟ್ಟಿದ್ದೇವೆ. ಆದರೆ ಇನ್ನೊಂದು ಕಾಲೇಜಿನಿಂದ ನಮ್ಮ ನಾಲ್ಕು ತಾಲ್ಲೂಕುಗಳ ಆಯುಸ್ಸು ಹೆಚ್ಚೀತು ಎಂಬ ನಂಬಿಕೆಗೆ ಆಧಾರ ಇಲ್ಲ. ಅಲ್ಲಿ ಓದಿದವರು ಎಲ್ಲಿಗೆ ಹೋಗುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. ಕೋಟಿಗಟ್ಟಲೆ ಕೊಟ್ಟು ಓದಿದವರನ್ನು ಡಿ.ಬಿ. ಕುಪ್ಪೆಗೆ ಹೋಗು ಎಂದು ಹೇಳುವುದಕ್ಕೆ ಯಾರಿಗೂ ಬಾಯಿ ಬರುವುದಿಲ್ಲ.

ಶರಣ ಪರಂಪರೆಯಲ್ಲಿ ವೈದ್ಯ ಸಂಗಣ್ಣನವರಿದ್ದಾರೆ, ವೈದ್ಯವೇ ಅವರ ಕಾಯಕ. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ ಸಿದ್ಧರಾಮೇಶ್ವರರೂ ಇದ್ದಾರೆ. ಆಯುಸ್ಸಿನ ಲೆಕ್ಕ ಬರೆದರೆ ಕೆರೆಯ ಪಾಲು ಹೆಚ್ಚಾಗುತ್ತಿತ್ತು ಎಂಬುದು ಈ ಆರೋಗ್ಯ ಸಹಾಯಕನ ಅಂದಾಜು. ಕಾಯಕ ಎಂದರೆ ಬರಿ ದುಡಿಮೆ ಅಲ್ಲ, ಆ ದುಡಿಮೆಯ ಫಲ ಸಮಾಜಕ್ಕೆ ಏನು ಮಾಡುತ್ತದೆ ಎಂಬುದೂ ಅದರಲ್ಲಿ ಸೇರಿದೆ ಎಂದು ನಾವೇ ಗೋಷ್ಠಿಗಳಲ್ಲಿ ಹೇಳುತ್ತೇವೆ. ಹಾಗಾದರೆ ಹೊಗೆಸೊಪ್ಪು ಕಾಯಕವೇ? ಈ ಪ್ರಶ್ನೆಯನ್ನು ಬೆಳೆಗಾರನ ತಲೆಗೆ ಮಾತ್ರ ಕಟ್ಟುವುದು ಅನ್ಯಾಯ. ಅದರ ತೆರಿಗೆ ಎತ್ತುವವರಿಗೆ, ಅದರ ಲಾಭ ಹಂಚಿಕೊಳ್ಳುವವರಿಗೆ, ಹರಾಜು ಮುಗಿದ ಮೇಲೆ ಬರುವ ಕಾಣಿಕೆಯನ್ನು ಸ್ವೀಕರಿಸುವ ನಮ್ಮೆಲ್ಲರಿಗೂ ಅದನ್ನು ಕೇಳಬೇಕು.

ಮಠ ಮಾಡಬಹುದಾದದ್ದು ಒಂದಿದೆ, ಅದು ಸರ್ಕಾರಕ್ಕಿಂತ ಮಠಕ್ಕೇ ಸುಲಭ. ನಮ್ಮ ದಾಸೋಹದ ಉಗ್ರಾಣಗಳು. ಸಾವಿರ ಮಕ್ಕಳಿರುವ ಒಂದು ಪ್ರಸಾದ ನಿಲಯ ಎಂದುಕೊಳ್ಳಿ. ಒಂದು ಮಗುವಿಗೆ ದಿನಕ್ಕೆ 200 ಗ್ರಾಂ ರಾಗಿ, 50 ಗ್ರಾಂ ಕಾಳು ಬೇಳೆ ಎಂದರೂ 300 ದಿನಕ್ಕೆ 600 ಕ್ವಿಂಟಲ್ ರಾಗಿ, 150 ಕ್ವಿಂಟಲ್ ಕಾಳು ಬೇಕು. ಮಳೆಯಾಶ್ರಿತ ಹೊಲದಲ್ಲಿ ಎಕರೆಗೆ ಎಂಟು ಹತ್ತು ಕ್ವಿಂಟಲ್ ರಾಗಿ, ಮೂರು ನಾಲ್ಕು ಕ್ವಿಂಟಲ್ ಅವರೆ, ತೊಗರಿ, ಅಲಸಂದೆ ಬಂದರೆ ನೂರು ಎಕರೆಗೂ ಹೆಚ್ಚು ಭೂಮಿಗೆ ಅದೊಂದೇ ನಿಲಯ ಗಿರಾಕಿ. ಇದರ ಮೇಲೆ ತರಕಾರಿ, ಹಾಲು, ಎಣ್ಣೆಕಾಳು ಇದೆ. ಈಗ ಇದನ್ನೆಲ್ಲ ಮಂಡಿಯಿಂದ ತರಿಸುತ್ತೇವೆ. ತಂಬಾಕು ಬಿಡಲು ಒಪ್ಪುವ ಮನೆಗಳಿಂದ, ಬಿತ್ತುವ ಮುಂಚೆಯೇ ಗೊತ್ತು ಮಾಡಿದ ಬೆಲೆಗೆ, ಹಣ ನೇರ ಬ್ಯಾಂಕಿಗೆ ಹಾಕುವ ಕರಾರಿನಲ್ಲಿ ಮಠ ಕೊಳ್ಳಲಿ. ಕೃಷಿಯ ಸಲಹೆಗೆ ಸುತ್ತೂರಿನ ಜೆ.ಎಸ್.ಎಸ್. ಕೃಷಿ ವಿಜ್ಞಾನ ಕೇಂದ್ರವಿದೆ. ರಾಗಿಯೊಂದರಿಂದ ತಂಬಾಕಿನ ದುಡ್ಡು ಹುಟ್ಟುವುದಿಲ್ಲ, ಅದು ನಿಜ. ಅಣ್ಣ ಈ ಮಾತನ್ನು ಮೊದಲೇ ಹೇಳುತ್ತಾನೆ. ಆದರೆ ಕಟ್ಟಿಗೆಯ ಖರ್ಚು, ಸೊಪ್ಪು ಮುರಿಯುವ ಕಟ್ಟುವ ಕೂಲಿ, ಸಾಲದ ಬಡ್ಡಿ ಕಳೆದು ಉಳಿಯುವುದನ್ನು ಹೋಲಿಸಬೇಕು. ಬೇಲಿನ ಬೆಲೆಯನ್ನು ಅಲ್ಲ. ಎರಡು ಎಕರೆ ಇರುವವರು ಮೊದಲ ವರ್ಷ ಅರ್ಧ ಎಕರೆ ಬಿಡಲಿ. ಹಿಪ್ಪುನೇರಳೆ, ಹೈನು ಜೊತೆಗೂಡಿದರೆ ಕೆಲವು ಮನೆಗಳಿಗಾದರೂ ಲೆಕ್ಕ ಕೂಡುತ್ತದೆ.

ಉಳಿದದ್ದು ಸಣ್ಣ ಕೆಲಸಗಳು. ಜಾತ್ರೆಯ ಮೈದಾನದಲ್ಲಿ ಗುಟ್ಕಾ, ಸಿಗರೇಟು ಅಂಗಡಿಗೆ ಜಾಗ ಕೊಡಬಾರದು. ಸೊಪ್ಪು ಮುರಿಯುವ ಕಾಲದಲ್ಲಿ ಮಠದ ಆಸ್ಪತ್ರೆಗಳು ಹೆಂಗಸರಿಗೆ ಕೈಗವಸು ಹಂಚಬಹುದು, ಕಡ್ಡಿಪುಡಿ ಹಾಕುವವರ ಬಾಯಿ ಪರೀಕ್ಷೆಯ ಶಿಬಿರವನ್ನು ಹೋಬಳಿಗೆ ಒಂದರಂತೆ ನಡೆಸಬಹುದು. ಬಾಯಿಯ ಬಿಳಿ ಮಚ್ಚೆಯನ್ನು ಮೊದಲೇ ಕಂಡುಹಿಡಿಯಲು ದಂತ ಕಾಲೇಜಿನ ವಿದ್ಯಾರ್ಥಿಯೊಬ್ಬ ಸಾಕು, ಮೆಡಿಕಲ್ ಕಾಲೇಜು ಬೇಕಾಗಿಲ್ಲ. ಹಾಡಿಯ ಒಬ್ಬ ಹೆಣ್ಣುಮಗಳನ್ನು ನರ್ಸಿಂಗ್ ಓದಿಸಿದರೆ ಅವಳು ಊರಿನಲ್ಲಿ ಉಳಿಯುವ ಸಾಧ್ಯತೆ ಎಷ್ಟೋ ಹೆಚ್ಚು.

ಸಮಯದ ಮಾತು ಒಂದಿದೆ. ಸಂಕ್ರಾಂತಿ ಕಳೆದ ಮೇಲೆ ಹರಾಜು ಮುಗಿಯುತ್ತಾ ಬರುತ್ತದೆ, ಕೈಯಲ್ಲಿ ದುಡ್ಡು ಇರುತ್ತದೆ, ಸಾಲ ತೀರಿಸಿದವರು ಉಸಿರು ಬಿಡುತ್ತಿರುತ್ತಾರೆ. ಮಾರ್ಚಿ ಏಪ್ರಿಲ್‌ಗೆ ಸಸಿ ಮಡಿ ಹಾಕಿಬಿಟ್ಟರೆ ಆ ವರ್ಷ ಮುಗಿಯಿತು, ಆಮೇಲೆ ಯಾರು ಏನು ಹೇಳಿದರೂ ಕೇಳುವವರಿಲ್ಲ. ಬಸವ ಜಯಂತಿ ಬರುವುದು ಮಡಿ ಹಾಕಿದ ಮೇಲೆ. ಆದ್ದರಿಂದ ಈ ಮಾತುಕತೆ ಜಯಂತಿಯ ವೇದಿಕೆಗೆ ಕಾಯಬಾರದು. ಫೆಬ್ರವರಿಯ ಶಿವಾನುಭವ ಗೋಷ್ಠಿಗೆ ಪೂಜ್ಯರು ಉಗ್ರಾಣದ ಲೆಕ್ಕದ ಪುಸ್ತಕವನ್ನೂ ತರಿಸಲಿ, ಹತ್ತು ಬೆಳೆಗಾರರನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಬೆಲೆ ಕೇಳಲಿ. ನಮ್ಮಣ್ಣನನ್ನು ನಾನು ಕರೆದುಕೊಂಡು ಬರುತ್ತೇನೆ. ಅವನು ಚೌಕಾಸಿ ಮಾಡದೆ ಬಿಡುವವನಲ್ಲ.